ಗ್ರೀಕ ವೀರನ ಒಂದು ಪಾದ

ಬಸವನ ಬಾಗೇವಾಡಿಯ ದನದ ದವಾಖಾನೆಯ ಕಂಪೌಂಡರ್ ಮಡಿವಾಳಪ್ಪನಿಗೆ ಈ ಲೋಕದಲ್ಲಿ ಎರಡೇ ಎರಡರ ಭಯವಿತ್ತು. ಒಂದು ದನ, ಇನ್ನೊಂದು ಸೂಜಿ. ಉಳಿದಂತೆ ಭಾರೀ ಧೈರ್ಯಸ್ಥ. ಹುಲಿ, ಸಿಂಹ, ಆನೆ, ಮೊಸಳೆ ಯಾವುದಕ್ಕೂ ಅವನು ಅಂಜಿದ್ದನ್ನು ಬಾಗೇವಾಡಿ ತಾಲೂಕಿನಲ್ಲಿ ಯಾರೂ ಕಂಡಿರಲಿಲ್ಲ.

ಇಂಥವನು ಹನ್ನೊಂದು ವರ್ಷ ದನಗಳಿಗೆ ಸೂಜಿ ಮಾಡುವ ನೌಕರಿ ಹೇಗೆ ಮಾಡಿದ ಎಂದು ಕೇಳುವವರು ಆ ದವಾಖಾನೆಯ ಹಿತ್ತಲು ನೋಡಿದವರಲ್ಲ. ಅಲ್ಲಿ ಗೋಡೆಯಲ್ಲಿ ಒಂದು ಕಿಂಡಿಯಿತ್ತು. ರೈತ ತನ್ನ ಎತ್ತನ್ನು ಹಿಮ್ಮುಖ ನಡೆಸಿ ತಂದು, ಅದರ ಚಪ್ಪೆಯನ್ನು ಕಿಂಡಿಗೆ ಆನಿಸಿ ನಿಲ್ಲಿಸಬೇಕು. ಒಳಗಿಂದ ಒಂದು ಕೈ ಸೂಜಿ ಹಿಡಿದು ಹೊರಗೆ ಬರುತ್ತಿತ್ತು. ಕೈಯ ಹಿಂದೆ, ಗೋಡೆಯ ಆಚೆ, ಮಡಿವಾಳಪ್ಪ ಕಣ್ಣು ಮುಚ್ಚಿ ನಿಂತಿರುತ್ತಿದ್ದ. ಕೆಲಸ ಮುಗಿದ ಮೇಲೆ ಗೋಡೆಯೊಳಗಿಂದ "ಆತೇನ್ರಿ?" ಎಂಬ ಧ್ವನಿ ಕೇಳುತ್ತಿತ್ತು. ರೈತರು ಇದನ್ನು ಸರಕಾರದ ಹೊಸ ಪದ್ಧತಿ ಎಂದು ತಿಳಿದು ಗೌರವದಿಂದ "ಆತ್ರಿ" ಎನ್ನುತ್ತಿದ್ದರು. ಒಮ್ಮೆ ಮಾತ್ರ ಎತ್ತು ಸರಿದು, ಎತ್ತಿನ ಯಜಮಾನನೇ ಕಿಂಡಿಗೆ ಆತು ನಿಂತುಬಿಟ್ಟಿದ್ದ. ಆ ವರ್ಷವೆಲ್ಲ ಅವನಿಗೆ ಚಪ್ಪೆಬೇನೆ ಬರಲಿಲ್ಲ ಎಂಬುದನ್ನು ಇಲಾಖೆಯ ಪರವಾಗಿ ಹೇಳಲೇಬೇಕು.

ಹೀಗೆ ಸುಖವಾಗಿದ್ದ ಮನುಷ್ಯನನ್ನು ಹಾಳು ಮಾಡಿದ್ದು ಎಪ್ಪತ್ಮೂರನೇ ಇಸವಿಯ ಕಾರಹುಣ್ಣಿಮೆ. ಹೆಂಡತಿ ರುಕ್ಮವ್ವನ ತವರು ನಿಡಗುಂದಿ. ಮಾವ ರಾಚಪ್ಪನ ಮನೆಯಲ್ಲಿ ಕೆಂಚ ಎಂಬ ಒಂದು ಎತ್ತಿತ್ತು. ಅದು ರಸ್ತೆಗೆ ಬಂತೆಂದರೆ ಬಸ್ಸು ಸಹ ಹಾರ್ನ್ ಹೊಡೆಯದೆ ಬದಿಗೆ ಸರಿದು ನಿಲ್ಲುತ್ತಿತ್ತು. ಹಬ್ಬದ ದಿನ ಕೊಂಬಿಗೆ ಬಣ್ಣ ಬಳಿಯುವಾಗ ರಾಚಪ್ಪ ಅಭಿಮಾನದಿಂದ, "ಅಳಿಯಾರು ದನದ ದವಾಖಾನಿಯವರು, ಅವ್ರ ಹಿಡೀಲಿ" ಎಂದು ಹಗ್ಗವನ್ನು ಮಡಿವಾಳಪ್ಪನ ಕೈಗೆ ಕೊಟ್ಟ. ಕೆಂಚ ಹೊರಳಿ ನೋಡಿತು. ಬರೀ ನೋಡಿತು, ಬೇರೇನೂ ಮಾಡಲಿಲ್ಲ. ಮರುಕ್ಷಣ ಹಗ್ಗ ನೆಲದ ಮೇಲಿತ್ತು, ಮಡಿವಾಳಪ್ಪ ಬೇವಿನ ಗಿಡದ ಮೇಲಿದ್ದ. ಏರಿದ್ದನ್ನು ಕಂಡವರು ಯಾರೂ ಇಲ್ಲ. ಹೊತ್ತು ಮುಳುಗುವವರೆಗೂ ಇಳಿಯಲಿಲ್ಲ. ಹಬ್ಬದ ಹೋಳಿಗೆಯನ್ನು ಗಳಕ್ಕೆ ಕಟ್ಟಿ ಮೇಲೇರಿಸಬೇಕಾಯಿತು. ತುಪ್ಪ ಮಾತ್ರ ಏರಿಸಲು ಆಗಲಿಲ್ಲವೆಂದು ಅತ್ತೆ ಇನ್ನೂ ಮರುಗುತ್ತಾಳೆ.

ಅಂದಿನಿಂದ ನಿಡಗುಂದಿಯಲ್ಲಿ ಅವನ ಹೆಸರು ಗಿಡದ ಅಳಿಯ.

ಮುಂದಿನ ವರ್ಷ ಕಾರಹುಣ್ಣಿಮೆಗೆ ಇಪ್ಪತ್ತು ದಿನ ಉಳಿದಾಗ ರುಕ್ಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೇಳಿದಳು.

"ನಮ್ಮ ಅತ್ತಿಗೇರು ಆ ಬೇವಿನ ಗಿಡಕ್ಕ ದಿನಾ ನೀರ ಹಾಕತಾರಂತ. ಹಾಕುವಾಗ ಏನಂತಾರ ಗೊತ್ತೈತೇನು? 'ಅಳಿಯಾರ ಕಾಲಿಗೆ ನೀರ ಕೊಟ್ವಿ' ಅಂತಾರಂತ."

"ಅನ್ನವಲ್ಲರ್ಯಾಕ. ಗಿಡಕ್ಕ ಚೊಲೋ ಆಗತೈತಿ."

"ಈ ಸಲ ನೀವು ನೆಲದ ಮ್ಯಾಲ ನಿಲ್ಲಬೇಕು. ಗಿಡ ಏರಿದ್ರ, ನಾನೂ ಬಾಜೂ ಟೊಂಗಿ ಏರಿ ಕುಂಡ್ರತೇನಿ. ಮತ್ತ ಇಳ್ಯಂಗಿಲ್ಲ. ಮನಿ, ಮಕ್ಳು, ಎಮ್ಮಿ ಎಲ್ಲಾ ನೀವ ನೋಡ್ಕೋರಿ."

ಎಮ್ಮೆ ಎಂದ ಕೂಡಲೇ ಮಡಿವಾಳಪ್ಪನಿಗೆ ಪ್ರಸಂಗದ ಗಾಂಭೀರ್ಯ ತಿಳಿಯಿತು.

ಮರುದಿನ ದವಾಖಾನೆಯಲ್ಲಿ ಔಷಧದ ಕಪಾಟಿನ ಕುಂಟುಗಾಲಿನ ಕೆಳಗೆ ಇಟ್ಟಿದ್ದ ಪುಸ್ತಕ ಅವನ ಕಣ್ಣಿಗೆ ಬಿತ್ತು. ಹನ್ನೊಂದು ವರ್ಷದಿಂದ ಅಲ್ಲೇ ಇತ್ತು; ಅದರಲ್ಲಿ ಅಕ್ಷರಗಳೂ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಎಳೆದ. ಕಪಾಟು ವಾಲಿ ಅರ್ಧ ಡಜನ್ ಬಾಟಲಿ ಉರುಳಿದವು. ಪುಸ್ತಕದ ಮೊದಲ ಹನ್ನೆರಡು ಪುಟಗಳನ್ನು ಗೆದ್ದಲು ಓದಿ ಮುಗಿಸಿತ್ತು. ಉಳಿದ ಪುಟಗಳಲ್ಲಿ ಗ್ರೀಕ ದೇಶದ ವೀರರು ಚಿತ್ರಸಮೇತ ನಿಂತಿದ್ದರು. ಒಬ್ಬ ಸಿಂಹದ ದವಡೆ ಸೀಳುತ್ತಿದ್ದ, ಇನ್ನೊಬ್ಬ ರಾಕ್ಷಸಿಯ ತಲೆ ಕಡಿದು ಎತ್ತಿ ಹಿಡಿದಿದ್ದ. ಒಬ್ಬನ ಮುಖದಲ್ಲೂ ಗಿಡ ಹುಡುಕುವ ಲಕ್ಷಣವಿರಲಿಲ್ಲ.

ಮಡಿವಾಳಪ್ಪನ ತಲೆಯಲ್ಲಿ ದೀಪ ಹೊತ್ತಿತು. ತಾಲೀಮಿನ ಪೈಲವಾನರ ತೋಳಿನ ಮೇಲೆ ಹನುಮಪ್ಪನ ಹಚ್ಚೆ ಇರುತ್ತದೆ, ಅದಕ್ಕೇ ಅವರಿಗೆ ಧೈರ್ಯ. ಆದರೆ ಬಾಗೇವಾಡಿಯಲ್ಲಿ ಎರಡು ತೋಳಿಗೊಂದು ಹನುಮಪ್ಪ. ಪಾಪ, ದೇವರಾದರೂ ಎಷ್ಟು ತೋಳು ಕಾಯಬೇಕು? ಗ್ರೀಕ ವೀರರಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ತಾಲೂಕಿನಲ್ಲಿ ಒಂದೇ ಒಂದು ತೋಳಿಲ್ಲ. ಹಾಕಿಸಿಕೊಂಡರೆ ಇಡೀ ವೀರ ಇಪ್ಪತ್ನಾಲ್ಕು ತಾಸು ಇವನೊಬ್ಬನ ಚಾಕರಿಗೆ! ಆನಂದದಿಂದ ಅವನಿಗೆ ಮೈ ಜುಮ್ಮೆಂದಿತು. ಹಚ್ಚೆಯನ್ನು ಸೂಜಿಯಿಂದ ಹಾಕುತ್ತಾರೆ ಎಂಬುದು ಆ ಹೊತ್ತಿಗೆ ನೆನಪಾಗಲಿಲ್ಲ.

ಕಾರ್ಬನ್ ಕಾಗದ ಇಟ್ಟು, ಕಾಲುಬಾಯಿ ಬೇನೆಯ ಫಾರ್ಮುಗಳ ಬೆನ್ನಿನ ಮೇಲೆ ಐದು ವೀರರನ್ನು ಇಳಿಸಿಕೊಂಡು, ಅವನು ಬಾಬುಲಾಲನ ಅರಿವೆ ಅಂಗಡಿಗೆ ಹೋದ. ಊರಿನ ಯಾವ ವಿಷಯವೂ ಬಾಬುಲಾಲನ ಕಟ್ಟೆಯ ಮೇಲೆ ಪಾಸಾಗದೆ ಮುಂದೆ ಹೋಗುತ್ತಿರಲಿಲ್ಲ. ಕುರಿಗಾರ ಅಮಸಿದ್ದ ಕಂಬಳಿ ಹೊದ್ದು ಆಗಲೇ ಅಲ್ಲಿ ಕೂತಿದ್ದ.

"ಇಂವಾ ಹರ್ಕ್ಯುಲಿಸ್" ಎಂದ ಮಡಿವಾಳಪ್ಪ, ಮೊದಲ ಹಾಳೆ ಬಿಚ್ಚಿ. "ಬರಿಗೈಲೆ ಸಿಂಹ ಕೊಂದಾಂವ."

ಬಾಬುಲಾಲ ನೋಡಿ ಗಾಬರಿಯಿಂದ ಹಾಳೆಯನ್ನು ಬೋರಲು ಹಾಕಿದ. "ಏನ್ರಿ ಕಂಪೌಂಡರ ಸಾಹೇಬ್ರ, ಮೈಮ್ಯಾಲ ನೂಲಿನ ಎಳಿ ಇಲ್ಲ! ಅರಿವಿ ಅಂಗಡಿ ಮುಂದ ಹಿಂಥಾವನ್ನ ತೆಗೀತೀರಿ? ಹೆಣ್ಣಮಕ್ಳು ಬರೂ ಜಾಗ ಇದು."

"ಆ ದೇಶದಾಗ ಹಂಗ ಇರ್ತಾರಂತ."

"ಅಲ್ಲಿ ಒಂದು ಅಂಗಡಿ ತೆಗದ್ರ ಹೆಂಗ್ರಿ?" ಬಾಬುಲಾಲ ಮತ್ತೆ ಹಾಳೆ ಎತ್ತಿ, ವೀರನ ಸೊಂಟವನ್ನು ಕಣ್ಣನ್ನೇ ಗಜಕಡ್ಡಿ ಮಾಡಿ ಅಳೆದ. "ಇಂಥಾ ಆಳಿಗೆ ಐದು ವಾರ ಧೋತರ ಸಾಲಂಗಿಲ್ಲ. ಎಂಟು ಬೇಕು."

ಎರಡನೆಯವನು ಜೇಸನ್. ಬಂಗಾರದ ಕುರಿತೊಗಲಿಗಾಗಿ ಐವತ್ತು ಜನ ವೀರರನ್ನು ಕರೆದುಕೊಂಡು ಹಡಗು ಹತ್ತಿದವನು. ಅಮಸಿದ್ದ ಕಂಬಳಿಯೊಳಗಿಂದ ಪೂರಾ ಹೊರಗೆ ಬಂದ.

"ಒಂದು ಕುರಿ ತೊಗಲಿಗೆ ಐವತ್ತು ಮಂದಿ?"

"ಹೌದೊ."

"ಕುರಿ ಜೀವಂತ ಇತ್ತೋ?"

"ಇಲ್ಲ. ಬರೇ ತೊಗಲು."

"ಹುಚ್ಚ ಮಂದಿ. ನನಗ ಹೇಳಿ ಕಳಿಸಿದ್ರ ಎರಡು ಕೊಡತಿದ್ದೆ, ಉಣ್ಣಿ ಸಮೇತ."

ಮೂರನೆಯ ಹಾಳೆ ತೆಗೆಯುವ ಧೈರ್ಯ ಆ ಕಟ್ಟೆಯ ಮೇಲೆ ಉಳಿಯಲಿಲ್ಲ. ಉಳಿದ ಮೂವರನ್ನು ಮಡಿಚಿಕೊಂಡು ಮನೆಗೆ ಬಂದು ರುಕ್ಮವ್ವನ ಮುಂದೆ ಹರಡಿದ. ಅಕಿಲೀಸನ ತಾಯಿ ಕೂಸನ್ನು ಹಿಮ್ಮಡ ಹಿಡಿದು ತಲೆಕೆಳಗಾಗಿ ಹೊಳೆಯಲ್ಲಿ ಅದ್ದಿದ್ದಳು. ಮೈಯೆಲ್ಲ ಕಬ್ಬಿಣವಾಯಿತು, ನೀರು ತಾಗದ ಹಿಮ್ಮಡ ಮಾತ್ರ ಉಳಿದು, ಅಲ್ಲಿಗೇ ಬಾಣ ಬಿದ್ದು ಸತ್ತ.

"ಹಿಮ್ಮಡ ತೊಳೀಲಿಲ್ಲ?" ರುಕ್ಮವ್ವ ಬೆರಗಾದಳು. "ಎಂಥಾ ಕೆಲಸಗೇಡಿ ತಾಯಿ! ನಮ್ಮವ್ವ ನಮಗ ಮೊದಲ ಹಿಮ್ಮಡ ತಿಕ್ಕತಿದ್ದಳು. ಬ್ಯಾಡ, ಈ ಮನಿತನ ಸರಿಯಿಲ್ಲ."

ನಾಲ್ಕನೆಯವನು ಪರ್ಸಿಯಸ್. ಅವನ ಕೈಯಲ್ಲಿ ಹಾವಿನ ಕೂದಲಿನ ಹೆಣ್ಣುತಲೆ.

"ಯಾರಿಕಿ?"

"ರಾಕ್ಷಸಿ. ಮೆಡೂಸಾ ಅಂತ."

"ಹೆಸರ ಬಾಯಾಗ ಐತಲ್ಲ! ಮಂದಿ ಹೆಂಗಸಿನ ತಲಿ ನಿಮ್ಮ ತೋಳಿನ ಮ್ಯಾಲ ಯಾಕ? ಅದೂ ಎಣ್ಣಿ ಕಾಣದ ತಲಿ."

"ಅಕಿನ್ನ ನೋಡಿದವರು ಕಲ್ಲಾಗ್ತಿದ್ರಂತ."

"ನನ್ನ ಕಡೆ ನೋಡಿ ಹೇಳ್ರಿ ಆ ಮಾತು."

ಮಡಿವಾಳಪ್ಪ ನೋಡಿದ. ಸ್ವಲ್ಪ ಹೊತ್ತು ಕಲ್ಲಾಗಿಯೇ ಇದ್ದ.

ಕೊನೆಯ ಹಾಳೆ ಥೀಸಿಯಸನದು. ಮನುಷ್ಯನ ಮೈ, ಗೂಳಿಯ ತಲೆ ಇರುವ ರಾಕ್ಷಸನ ಕೊಂಬು ಹಿಡಿದು ನೆಲಕ್ಕೆ ಮಣಿಸುತ್ತಿದ್ದ. ರುಕ್ಮವ್ವ ಬಗ್ಗಿ ನೋಡಿದಳು. ಚಿತ್ರದ ಮೂಲೆಗೆ ಬೆರಳಿಟ್ಟಳು.

"ಬಾಗಿಲಾಗ ದಾರದುಂಡಿ ಹಿಡದು ನಿಂತಾಕಿ ಯಾರು?"

"ಅಕಿ ದಾರ ಕೊಟ್ಟಾಕಿ. ಒಳಗ ಹೋದ್ರ ತಿರುಗಿ ಬರೂ ಹಾದಿ ಸಿಗದಂಥಾ ಮನಿ ಅದು. ಇಂವಾ ಅಕಿ ದಾರ ಹಿಡಕೊಂಡು ಹೊರಗ ಬಂದ."

"ಅಂದ್ರ ಅಕಿ ಇರಲಿಲ್ಲಂದ್ರ ಇಂವಾ ಅಲ್ಲೇ?"

"ಅಲ್ಲೇ."

"ಇದನ್ನ ಹಾಕಸ್ರಿ" ಎಂದಳು ರುಕ್ಮವ್ವ. ವಿಷಯ ಮುಗಿಯಿತು.

ಹಚ್ಚೆ ಹಾಕುವ ಹುಚ್ಚವ್ವ ಸಂತೆಯ ದಿನ ಬಸ್ ಸ್ಟ್ಯಾಂಡಿನ ಎದುರು ಗೋಣಿತಟ್ಟು ಹಾಸಿ ಕೂರುತ್ತಿದ್ದಳು. ಚೇಳು, ತೊಟ್ಟಿಲು, ನವಿಲು, ತುಳಸಿಕಟ್ಟೆ, ಸೀತೆಯ ಸೆರಗು, ಎತ್ತು; ಅವಳ ಅಜ್ಜಿ ಹಾಕಿದ್ದು ಇಷ್ಟು, ತಾಯಿ ಹಾಕಿದ್ದು ಇಷ್ಟು, ಅವಳಿಗೆ ಬರುವುದೂ ಇಷ್ಟು. ಹಾಳೆಯನ್ನು ಮೇಲೆಕೆಳಗೆ ಮಾಡಿ ನೋಡಿದಳು.

"ಯಾವೂರ ದೇವರೋ ಯಪ್ಪಾ ಇದು?"

"ದೇವರಲ್ಲ ಬೇ. ಗ್ರೀಕ ದೇಶದ ವೀರ."

"ಎತ್ತಿನ ತಲಿ ನನಗ ಬರತೈತಿ. ಅದನ್ನ ಮೊದಲ ಹಾಕತೇನಿ. ನಿನ್ನ ವೀರನ್ನ ಆಮ್ಯಾಲ ನೋಡೂಣು. ಕೈ ಕೊಡು. ಕಣ್ಣ ಮುಚ್ಚು. ಬಾಯಿ ತಗದು ಏನರೆ ಹೇಳತಿರು, ನೋವು ತಿಳಿಯಂಗಿಲ್ಲ."

ಆಗ ಮಡಿವಾಳಪ್ಪನಿಗೆ ಸೂಜಿ ನೆನಪಾಯಿತು. ಆದರೆ ಹುಚ್ಚವ್ವನ ಹಿಡಿತದಿಂದ ಕೈ ಬಿಡಿಸಿಕೊಂಡವರು ಆ ಸಂತೆಯಲ್ಲಿ ಇರಲಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿ ಥೀಸಿಯಸನ ಕಥೆ ಕೂಗತೊಡಗಿದ. ಚುಚ್ಚಿದಂತೆಲ್ಲ ಕಥೆ ಜೋರಾಗುತ್ತಿತ್ತು. ಸುತ್ತಲೂ ಇಪ್ಪತ್ತು ಜನ ನೆರೆದು, ಇದು ಯಾವುದೋ ಹೊಸ ಹರಿಕಥೆ ಎಂದು ಕೂತರು.

"ಕೊಂಬಿಗೆ ಕೊಡಣಸು ಹಾಕೀನಿ" ಎಂದಳು ಹುಚ್ಚವ್ವ ನಡುವೆ.

"ರಾಕ್ಷಸಗ ಹಿತ್ತಾಳಿ ಕೊಡಣಸ್ಯಾಕ ಬೇ!"

"ಬೋಳ ಎತ್ತು ನಾ ಹಾಕಂಗಿಲ್ಲ. ನಮ್ಮಜ್ಜಿನೂ ಹಾಕಿಲ್ಲ. ಕೊರಳಾಗ ಗೆಜ್ಜಿಸರನೂ ಹಾಕೀನಿ. ಹಣಿಮ್ಯಾಲ ಮೂರು ಬಟ್ಟು ಇಬತ್ತಿ, ಕೆಳಗ ನಿನ್ನ ಹಾಳ್ಯಾಗಿನ ಮನಶ್ಯಾನ ಮೈ. ಈಗ ನಿನ್ನ ವೀರಗ ಕೈ ಹಚ್ಚತೇನಿ. ಪಾದದಿಂದ ಶುರು. ಮನಿ ಕಟ್ಟವರು ತಳಪಾಯದಿಂದನ ಕಟ್ಟತಾರ."

ಪಾದ ಮುಗಿಯಿತು. ವೀರನನ್ನು ನೋಡುವ ಆಸೆಗೆ ಮಡಿವಾಳಪ್ಪ ಕಣ್ಣು ಬಿಟ್ಟ. ದಾರ ಸುತ್ತಿದ ನಾಲ್ಕು ಸೂಜಿಗಳ ಕಟ್ಟು, ಅದರ ತುದಿಗೆ ಕಾಡಿಗೆ, ಕಾಡಿಗೆಯ ತುದಿಗೆ ಒಂದು ಹನಿ ರಕ್ತ. ಮುಂದಿನದು ಅವನಿಗೆ ನೆನಪಿಲ್ಲ. ಎಚ್ಚರಾದಾಗ ಅವನು ಮುದ್ದೇಬಿಹಾಳದ ಬಸ್ಸಿನಲ್ಲಿ ಕೂತಿದ್ದ. ಅಂಗಿ ಸಂತೆಯಲ್ಲೇ ಇತ್ತು.

ಟಿಕೀಟು ಕೇಳಲು ಬಂದ ಕಂಡಕ್ಟರ್ ತೋಳು ನೋಡಿದ. ಶೃಂಗರಿಸಿದ ಎತ್ತಿನ ಮುಖ, ಮನುಷ್ಯನ ಮೈ, ಹಣೆಯ ಮೇಲೆ ವಿಭೂತಿ, ಬುಡದಲ್ಲಿ ಒಂದೇ ಒಂದು ಪಾದ. ಕಂಡಕ್ಟರ್ ಮೆಲ್ಲಗೆ ಟೊಪ್ಪಿಗೆ ತೆಗೆದ.

"ಯಪ್ಪಾ, ಯಾವ ಮಠದ್ರಿ?"

"ನಾನು ದನದ ದವಾಖಾನಿಯಾಂವ್ರಿ."

ಇದನ್ನು ಕೇಳಿ ಇಡೀ ಬಸ್ಸು ಕೈ ಮುಗಿಯಿತು. ಎತ್ತುಗಳ ಸೇವೆ ಮಾಡುವವನ ತೋಳಿನ ಮೇಲೆ ಸಾಕ್ಷಾತ್ ಬಸವಣ್ಣ ಮೂಡದೆ ಇನ್ನಾರ ಮೇಲೆ ಮೂಡಬೇಕು?

ಬಸ್ಸು ಮುದ್ದೇಬಿಹಾಳ ಮುಟ್ಟುವುದರೊಳಗೆ ಹಚ್ಚೆ ಯಾರೂ ಹಾಕದೆ ತಾನೇ ಮೂಡಿತ್ತು. ಮರುದಿನ ಸಿಂದಗಿಯಲ್ಲಿ ಅದು ಕಣ್ಣು ಮಿಟುಕಿಸತೊಡಗಿತು. ಯಂಕಂಚಿಯವರು ಅದರ ಗೆಜ್ಜೆ ಸಪ್ಪಳ ಕೇಳಿ ಬಂದೆವೆಂದರು. ಇಂಡಿಗೆ ಹೋಗುವ ಹೊತ್ತಿಗೆ ಆ ತೋಳು ದಿನಕ್ಕೆ ಎರಡು ಸೇರು ಹತ್ತಿಕಾಳು ತಿನ್ನುತ್ತಿತ್ತು. ಇಂಡಿಯ ಜನ ಮಾತಿನಲ್ಲಿ ನಿಲ್ಲುವವರಲ್ಲ. ಒಂದು ಚಕ್ಕಡಿ ಹತ್ತಿಕಾಳನ್ನೇ ಹೇರಿಕೊಂಡು ಬಂದು ದವಾಖಾನೆಯ ಮುಂದೆ ಇಳಿಸಿದರು.

ಹಿತ್ತಲ ಕಿಂಡಿಯ ಮುಂದೆ ಎತ್ತುಗಳ ಸಾಲು ಪೊಲೀಸ್ ಠಾಣೆಯವರೆಗೆ ಬೆಳೆಯಿತು. ಮೊದಲ ದಿನ ಮಡಿವಾಳಪ್ಪ ಎಂದಿನಂತೆ ಕಣ್ಣು ಮುಚ್ಚಿ ಸೂಜಿಯೊಂದಿಗೆ ಕೈ ಹೊರಗೆ ಹಾಕಿದ. ಹೊರಗಿನಿಂದ ಯಾರೋ ಸೂಜಿಯನ್ನು ನಯವಾಗಿ ಕಸಿದುಕೊಂಡು, "ಇದು ಬ್ಯಾಡ್ರಿ, ತೋಳ ಅಷ್ಟ ಹಿಂಗ ಇಟ್ಟಿರ್ರಿ" ಎಂದು ಅರಿಸಿನ ಬಳಿದರು. ಇನ್ನೊಬ್ಬರು ಬೆಲ್ಲ ಮೆತ್ತಿದರು. ಮತ್ತೊಬ್ಬರು ಹತ್ತಿಕಾಳು ಅರೆದು ಹಚ್ಚಿದರು. ಕಿಂಡಿಗೆ ಕುಂಕುಮ ಬಂತು, ಮುಂದೆ ತೆಂಗಿನಕಾಯಿ ಒಡೆದವು.

"ಇದು ಗ್ರೀಕ ದೇಶದ್ದ್ರೋ!" ಗೋಡೆಯೊಳಗಿಂದ ಕೂಗಿದ ಮಡಿವಾಳಪ್ಪ.

"ಇರವಲ್ಲದ್ಯಾಕ್ರಿ, ಬಸವಣ್ಣಗ ಯಾವ ದೇಶದ ಹಂಗೈತ್ರಿ?" ಎಂದಿತು ಗೋಡೆಯಾಚೆ.

"ಇದು ರಾಕ್ಷಸ್ರೋ! ಆ ಪಾದ ಐತಲ್ಲ, ಅಂವಾ ಖರೇ ವೀರ!"

"ಅದು ಗುರುಪಾದ. ಅಷ್ಟೂ ತಿಳಿಯಂಗಿಲ್ಲೇನ್ರಿ ನಮಗ?" ಎಂದು ಅವರು ಪಾದಕ್ಕೆ ಪ್ರತ್ಯೇಕ ಹೂವು ಏರಿಸಿದರು. ಸಾವಿರಾರು ವರ್ಷದ ಹಿಂದಿನ ಗ್ರೀಕ ರಾಜಕುಮಾರನ ಎಡಗಾಲಿಗೆ ಬಾಗೇವಾಡಿಯಲ್ಲಿ ಸೇವಂತಿಗೆ ಬಿತ್ತು.

ಈ ಗದ್ದಲದಲ್ಲಿ ಡಾಕ್ಟರ್ ನಿಜಾಮುದ್ದೀನರ ಮೇಜಿನ ಮುಂದೆ ಒಂದು ಕರುವೂ ಬರದಾಯಿತು. ಮೂರನೆಯ ದಿನ ಮಡಿವಾಳಪ್ಪನನ್ನು ಕರೆಸಿದರು.

"ಮಡಿವಾಳಪ್ಪ, ನಾ ಐದು ವರ್ಷ ಕಾಲೇಜಿನಾಗ ಓದೀನಿ. ನಿನ್ನ ತೋಳು ಎಷ್ಟನೇತ್ತ ಓದೈತಿ?"

"ಸಾಹೇಬ್ರ, ಅದು ಏನೂ ಓದಿಲ್ರಿ. ಅಳಿಸಾಕ ಬರತೈತೇನು ನೋಡ್ರಿ, ಕೈ ಮುಗೀತೇನಿ."

"ನಾಳಿಂದ ಮೊದಲ ನನ್ನ ಸೂಜಿ, ಆಮ್ಯಾಲ ನಿನ್ನ ತೋಳು. ಚೀಟಿ ಇಲ್ಲದ ದನಕ್ಕ ದರ್ಶನ ಇಲ್ಲ. ತಿಳೀತ?" ಡಾಕ್ಟರು ಕಾಗದ ಸರಿಸಿ, ಬಾಗಿಲ ಕಡೆ ನೋಡಿ, ದನಿ ಇಳಿಸಿದರು. "ಮತ್ತ ಸಂಜೀಮುಂದ ನಮ್ಮ ಮನಿ ಕಡೆ ಹಾದು ಹೋಗು. ಎಮ್ಮಿ ಹಾಲ ಕೊಡವಲ್ದು. ನನಗ ಇದರಾಗ ನಂಬಿಕಿ ಇಲ್ಲ. ನಮ್ಮ ಮನಿಯಾಕಿ ನಜಮಾ ಕೇಳಾಕತ್ತಾಳ, ಅದಕ್ಕ."

ಆ ಹತ್ತು ದಿನದಲ್ಲಿ ಬಾಗೇವಾಡಿಯಲ್ಲಿ ಬಿದ್ದಷ್ಟು ಸೂಜಿ ಅದರ ಹಿಂದಿನ ಹತ್ತು ವರ್ಷದಲ್ಲಿ ಬಿದ್ದಿರಲಿಲ್ಲ.

ಹುಣ್ಣಿಮೆಗೆ ಮೂರು ದಿನವಿದ್ದಾಗ ನಿಡಗುಂದಿಯ ಬಸ್ಸಿನಿಂದ ಮಾವ ರಾಚಪ್ಪ ಇಳಿದ. ಅಳಿಯನ ಮನೆಯ ಮೆಟ್ಟಿಲ ಕೆಳಗೇ ಕಾಲ್ಮರಿ ಬಿಟ್ಟ, ತಲೆಯ ಪಟಕಾ ಕಂಕುಳಲ್ಲಿ ಹಿಡಿದ. ಹಿಂದಿನ ವರ್ಷ ಗಿಡದ ಕೆಳಗೆ ನಿಂತು "ಇಳೀತೀರೋ ಕೊಡ್ಲಿ ತರಲೋ?" ಎಂದು ಗುಡುಗಿದವನು ಇವನೇ.

"ಅಳಿಯಾರ, ತಪ್ಪಾತು. ನಿಮ್ಮನ್ನ ತಿಳೀಲಿಲ್ಲ ನಾವು. ಬಸವಣ್ಣನ ಮುಂದ ಹಗ್ಗ ಹಿಡ್ಯಾಕ ಮನಸ್ಸ ಬರದ ನೀವು ಗಿಡ ಏರಿದ್ರಿ. ನಮ್ಮ ಮಂದಿ ಅಂಜ್ಯಾರ ಅಂದ್ರು."

"ಮಾಂವಾರ, ಖರೇ ಹೇಳಬೇಕಂದ್ರ..."

"ಏನೂ ಹೇಳಬ್ಯಾಡ್ರಿ. ಈ ಸಲ ಅಗಸಿ ಮುಂದ ಕೆಂಚನ್ನ ನೀವ ಬಿಡಬೇಕು. ಹಗ್ಗ ಬ್ಯಾಡ, ಮೂಗದಾಣ ಬ್ಯಾಡ, ಬಾರಕೋಲೂ ಬ್ಯಾಡ. ಬರೇ ತೋಳ ತೋರಸ್ರಿ. ನಾಲ್ಕೂ ತಾಲೂಕಿಗೆ ಹೇಳಿ ಕಳಿಸೀನಿ."

ಒಳಗಿನಿಂದ ರುಕ್ಮವ್ವ ಚಹಾ ತಂದಳು. ಅವಳ ಮುಖ ಕಂದೀಲಿಗೆ ಬತ್ತಿ ಏರಿಸಿದಂತಿತ್ತು. ತಂದೆ ಬಸ್ಸು ಹತ್ತಿದ ಮೇಲೆ ಮಡಿವಾಳಪ್ಪ ಅವಳ ಮುಂದೆ ಕುಸಿದು ಕೂತ.

"ರುಕ್ಮವ್ವಾ, ನನ್ನ ತೋಳಿನ ಮ್ಯಾಲ ಬಂದಾಂವ ರಾಕ್ಷಸ. ಅವನ್ನ ಹಿಡ್ಯಾಂವ ಇನ್ನೂ ಬಂದಿಲ್ಲ. ಪಾದ ಅಷ್ಟ ಬಂದೈತಿ. ಹುಚ್ಚವ್ವ ಎಲ್ಲದಾಳ ಹುಡಕು, ಉಳಿದಾಂವನ್ನ ಹಾಕಿ ಮುಗಸಲಿ."

"ಅಕಿ ಎಲ್ಲಿ ಸಿಗತಾಳ? ಇಂಡಿ ಕಡೆ ಹೋಗ್ಯಾಳ. ಅಲ್ಲಿ ಊರಿಗೆ ಊರ ನಿಮ್ಮ ಎತ್ತ ಹಾಕಿಸ್ಕೊಳ್ಳಾಕ ಪಾಳಿ ಹಚ್ಚೈತಂತ. ಹುಣ್ಣಿವಿ ಆದ ಮ್ಯಾಲ ನಿಡಗುಂದಿಗೆ ಬರತಾಳಂತ."

"ಮತ್ತ ನಾ ಏನ ಮಾಡ್ಲಿ?"

ರುಕ್ಮವ್ವ ತೋಳಿನ ಅರಿಸಿನ ಬೆಲ್ಲ ಒರೆಸಲು ನೋಡಿದಳು. ಹೋಗಲಿಲ್ಲ, ಹತ್ತು ದಿನದ ನೈವೇದ್ಯ ಚರ್ಮದೊಳಗೇ ಇಳಿದಿತ್ತು.

"ಪಾದ ಬಂದೈತಲ್ಲ," ಎಂದಳು. "ಉಳಿದ ವೀರ ನೀವ ಆಗ್ರಿ."

ಕಾರಹುಣ್ಣಿಮೆಯ ಮಧ್ಯಾಹ್ನ ನಿಡಗುಂದಿಯ ಊರಬಾಗಿಲಾದ ಅಗಸಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಅಗಸಿಗೆ ಅಡ್ಡಲಾಗಿ, ಎತ್ತಿನ ಎದೆಮಟ್ಟಕ್ಕೆ, ಬೇವಿನ ಸೊಪ್ಪು ಹೆಣೆದ, ಕರಿ ಎಂದು ಕರೆಯುವ ಹಗ್ಗ ಬಿಗಿದಿದ್ದರು. ಎತ್ತುಗಳನ್ನು ಓಡಿಸಿದಾಗ ಬಿಳಿ ಎತ್ತು ಮೊದಲು ಕರಿ ಹರಿದರೆ ಆ ವರ್ಷ ಹಿಂಗಾರಿ ಜೋಳ. ಕೆಂದೆತ್ತು ಹರಿದರೆ ಮುಂಗಾರಿ ಸಜ್ಜೆ. ಇಡೀ ಊರಿನ ಬಿತ್ತನೆ ಆ ಹಗ್ಗದ ಮೇಲೆ ನಿಂತಿತ್ತು. ಕಟ್ಟೆಯ ಮೇಲೆ ಹಿರಿಯರು, ಮಾಳಿಗೆಗಳ ಮೇಲೆ ಹೆಂಗಸರು, ಡಾಕ್ಟರ್ ನಿಜಾಮುದ್ದೀನರು ಮನೆಯವರ ಒತ್ತಾಯಕ್ಕೆ ಬಂದವರಂತೆ ಮೊದಲ ಸಾಲಿನಲ್ಲಿ. ಬಾಬುಲಾಲ ಎಂಟು ವಾರ ಉದ್ದದ ಹೊಸ ಧೋತರವನ್ನು ಮಡಿವಾಳಪ್ಪನಿಗೆ ತಾನೇ ಉಡಿಸಿ ಕಳಿಸಿದ್ದ. ನಾಲ್ಕು ತಾಲೂಕಿನವರು ನೋಡುವಾಗ ವೀರನಿಗೆ ಅರಿವೆ ಕಡಿಮೆಯಾಗಬಾರದೆಂದು ಅವನ ಕಾಳಜಿ.

ಮಡಿವಾಳಪ್ಪ ಬಯಲಿನ ನಡುವೆ ನಿಂತು ಮೊದಲು ನೋಡಿದ್ದು ಬಯಲಿನ ಅಂಚಿಗೆ ಮಾವನ ಮನೆಯ ಮುಂದಿದ್ದ ಬೇವಿನ ಗಿಡದ ಕಡೆ. ಗಿಡದ ಬೊಡ್ಡೆಗೆ ಬೆನ್ನು ಕೊಟ್ಟು, ಸೆರಗು ಸೊಂಟಕ್ಕೆ ಸಿಗಿಸಿ, ರುಕ್ಮವ್ವ ನಿಂತಿದ್ದಳು. ಅವಳನ್ನು ಸರಿಸಿ ಏರುವುದಕ್ಕಿಂತ ಕೆಂಚನ ಮೇಲೇ ಏರುವುದು ಸುಲಭವಿತ್ತು.

ಕೊಟ್ಟಿಗೆಯ ಬಾಗಿಲು ತೆರೆಯಿತು. ಕೆಂಚ ಬಂತು. ಕೊಂಬಿಗೆ ಕೊಡಣಸು, ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಝೂಲ. ತೋಳಿನ ಮೇಲಿದ್ದ ಚಿತ್ರವೇ ದೊಡ್ಡದಾಗಿ ನಡೆದುಬಂದಂತಿತ್ತು. ಮೂವತ್ತು ಮಾರು ದೂರದಲ್ಲಿ ನಿಂತು ನೋಡಿತು.

"ತೋಳ್ರಿ ಅಳಿಯಾರ, ತೋಳ!" ಎಂದು ಕೂಗಿದ ರಾಚಪ್ಪ.

ಮಡಿವಾಳಪ್ಪ ಕಣ್ಣು ಮುಚ್ಚಿದ. ಹನ್ನೊಂದು ವರ್ಷದ ರೂಢಿಯಂತೆ ತೋಳನ್ನು ಮುಂದೆ ಚಾಚಿದ. ಈ ಸಲ ನಡುವೆ ಗೋಡೆಯಿರಲಿಲ್ಲ, ಅಷ್ಟೆ.

ಗಾಳಿ ಕೆಂಚನ ಕಡೆ ಬೀಸುತ್ತಿತ್ತು. ಹತ್ತು ದಿನದ ಬೆಲ್ಲ, ಅರೆದ ಹತ್ತಿಕಾಳು, ತೆಂಗಿನ ನೀರು ಎಲ್ಲ ಸೇರಿ ಆ ತೋಳು ನಾಲ್ಕು ತಾಲೂಕಿನಲ್ಲೇ ಅತ್ಯುತ್ತಮ ಮೇವಾಗಿತ್ತು. ಕೆಂಚ ಮೂಗರಳಿಸಿತು. ಬಾಯಲ್ಲಿ ನೀರೂ ಬಂದಿರಬೇಕು. ಒಂದು ಹೆಜ್ಜೆ ಇಟ್ಟಿತು. ಗೆಜ್ಜೆ ಸಪ್ಪಳವಾಯಿತು. ಮಡಿವಾಳಪ್ಪ ಒಂದು ಕಣ್ಣು ಬಿಟ್ಟ.

ಓಡಿದ.

ಅದು ಓಟವಾಗಿರಲಿಲ್ಲ, ಮೆರವಣಿಗೆಯಾಗಿತ್ತು. ಎಂಟು ವಾರದ ಧೋತರ ಹಿಂದೆ ಬಾವುಟದಂತೆ ಹಾರಿತು. ತೋಳು ಮಾತ್ರ ಚಾಚಿದಂತೆಯೇ ಇತ್ತು. ಮಡಚಲು ಅವನಿಗೆ ಪುರಸೊತ್ತು ಸಿಗಲಿಲ್ಲ. ತೋಳಿನ ಹಿಂದೆ ಕೆಂಚ, ಕೆಂಚ ಓಡಿತೆಂದು ಊರಿನ ಎಪ್ಪತ್ತು ಎತ್ತುಗಳು, ಎತ್ತುಗಳ ಹಿಂದೆ ಹಗ್ಗ ಹಿಡಿದ ಯಜಮಾನರು. ಬೇವಿನ ಗಿಡದ ಹತ್ತಿರ ಬಂದಾಗ ರುಕ್ಮವ್ವ ಎರಡೂ ಕೈ ಅಗಲಿಸಿ ಅಡ್ಡ ನಿಂತು ಕಿರುಚಿದಳು:

"ಇಲ್ಲಿ ಬ್ಯಾಡ್ರಿ! ಅಗಸಿಗೆ! ಅಗಸಿಗೆ!"

ಮಡಿವಾಳಪ್ಪ ಅಗಸಿಗೆ ಹೊರಳಿದ. ಕರಿ ಹಗ್ಗ ಎದೆಗೆ ಬಡಿಯಿತು. ಬಿಗಿಯಿತು. ಟಪ್ಪನೆ ಹರಿಯಿತು. ಹಗ್ಗದ ಜೊತೆ ಮೂರು ಸುತ್ತು ತಿರುಗಿ, ತಲೆಯಿಂದ ಮೊಳಕಾಲಿನವರೆಗೆ ಬೇವಿನ ಸೊಪ್ಪು ಸುತ್ತಿಕೊಂಡು, ಅವನು ಅಗಸಿಯೊಳಗೆ ಕಂಬದಂತೆ ನಿಂತ. ಇನ್ನು ಓಡುವುದು ಸಾಧ್ಯವಿರಲಿಲ್ಲ. ಏರುವುದಂತೂ ದೂರ.

ಕೆಂಚ ಬಂದು ನಿಂತಿತು. ಎತ್ತು ಕತ್ತು ಚಾಚಿ ತೋಳನ್ನು ಮೂಸಿತು. ಆಮೇಲೆ ನಾಲಿಗೆ ಹೊರಹಾಕಿ, ಮೊಳಕೈಯಿಂದ ಭುಜದವರೆಗೆ, ನಿಧಾನವಾಗಿ, ನೆಕ್ಕಿತು.

ಮಡಿವಾಳಪ್ಪ ಜೀವಮಾನದಲ್ಲಿ ಮೊದಲ ಬಾರಿ ಎತ್ತೊಂದನ್ನು ಇಷ್ಟು ಹತ್ತಿರದಿಂದ ಕಣ್ಣು ಬಿಟ್ಟು ನೋಡಿದ. ಅದರ ರೆಪ್ಪೆಯ ಕೂದಲು ಉದ್ದವಿದ್ದವು. ನಾಲಿಗೆ ಹಿಮ್ಮಡ ತಿಕ್ಕುವ ಕಲ್ಲಿನಂತಿತ್ತು.

"ಆತೇನಪ್ಪ?" ಎಂದ, ಮೆಲ್ಲಗೆ. ಕೆಂಚ ಇನ್ನೂ ಆಗಿಲ್ಲವೆಂಬಂತೆ ಇನ್ನೊಂದು ಬಾರಿ ನೆಕ್ಕಿತು.

ಆಗ ಎದ್ದ ಕೇಕೆಗೆ ಆಲಮಟ್ಟಿಯಲ್ಲಿ ಅಣೆಕಟ್ಟಿನ ಕೆಲಸದವರು ಊಟದ ಹೊತ್ತಿನ ಸುರಂಗ ಹಾರಿತೆಂದು ತಿಳಿದು ಕೆಲಸ ಬಿಟ್ಟು ಎದ್ದರಂತೆ. ಕಟ್ಟೆಯ ಮೇಲೆ ಮಾತ್ರ ಹಿರಿಯರಿಗೆ ದೊಡ್ಡ ತೊಡಕಾಯಿತು. ಕರಿ ಹರಿದದ್ದು ಬಿಳಿ ಎತ್ತಲ್ಲ, ಕೆಂದೆತ್ತೂ ಅಲ್ಲ, ಕಂಪೌಂಡರ್. ಈಗ ಬಿತ್ತುವುದೇನು?

"ಮನಶ್ಯಾ ಹರದಿದ್ದು ನಮ್ಮಪ್ಪನ ಕಾಲಕ್ಕೂ ಇಲ್ಲ" ಎಂದರು ಒಬ್ಬ ಹಿರಿಯರು.

ರಾಚಪ್ಪ ಪಟಕಾ ನೆಲಕ್ಕೆ ಒಗೆದ. "ಹರದಾಂವ ನಮ್ಮ ಮನಿ ಅಳಿಯ! ಉಟ್ಟಿದ್ದು ನೋಡ್ರಿ, ಬಿಳೇದು. ಹಿಂದ ಬೆನ್ನ ಹತ್ತಿದ್ದು ನೋಡ್ರಿ, ಕೆಂದು. ಎರಡೂ ಬೆಳಿ ಬಿತ್ರಿ!"

ಹಿರಿಯರು ಮಡಿವಾಳಪ್ಪನನ್ನು ಮುಂದೆ ಹಿಂದೆ ತಿರುಗಿಸಿ ಪರೀಕ್ಷಿಸಿ ಒಪ್ಪಿದರು. ಆ ವರ್ಷ ಎರಡೂ ಬೆಳೆ ಬಂದವೆಂದು ನಿಡಗುಂದಿಯವರು ಇಂದಿಗೂ ಆಣೆ ಮಾಡುತ್ತಾರೆ. ಅತ್ತಿಗೆಯರು ಆ ಸಂಜೆ ತಂಬಿಗೆ ತುಂಬ ನೀರು ತಂದು, ಗಿಡಕ್ಕಲ್ಲ, ನೆಲದ ಮೇಲೆ ನಿಂತ ಮಡಿವಾಳಪ್ಪನ ಕಾಲಿಗೆ ಕೊಟ್ಟರು. ಹೋಳಿಗೆಗೆ ತುಪ್ಪವೂ ಬಿತ್ತು.

ಮರುದಿನ ಬೆಳಿಗ್ಗೆ ಹುಚ್ಚವ್ವ ಬಂದು ಅದೇ ಬೇವಿನ ಗಿಡದ ಕೆಳಗೆ ಗೋಣಿತಟ್ಟು ಹಾಸಿದಳು. ಮಡಿವಾಳಪ್ಪ ತಾನೇ ಬಂದು ಕೂತ. ಹಾಳೆ ಬಿಚ್ಚಿದ.

"ಉಳಿದಾಂವನ್ನ ಹಾಕು ಬೇ. ಹಿಂಗ, ಕೊಂಬ ಹಿಡದಂಗ."

ಹುಚ್ಚವ್ವ ತೋಳನ್ನು ಬಿಸಿಲಿಗೆ ಹಿಡಿದು ನೋಡಿ ತಲೆ ಅಲ್ಲಾಡಿಸಿದಳು.

"ಆಗಂಗಿಲ್ಲೋ ಯಪ್ಪಾ. ನೋಡಿಲ್ಲಿ. ಪಾದ ಹಾಕುವಾಗ ಬೆರಳು ಎತ್ತಿನ ಕಡೆ ಬಿಟ್ಟು ಆ ಕಡೆ ಮಾಡಿಬಿಟ್ಟೀನಿ. ಈಗ ಮುಖ ಎತ್ತಿನ ಕಡೆ ಹಾಕಿದ್ರ ಕಾಲು ಹಿಂದ ಮುಂದ ಆಗತೈತಿ. ಇಂವಾ ಓಡೂವಂಗ ಅಷ್ಟ ಹಾಕಾಕ ಬರತೈತಿ. ಎತ್ತು ಹಿಂದ, ಇಂವಾ ಮುಂದ."

ಮಡಿವಾಳಪ್ಪ ಥೀಸಿಯಸನ ಚಿತ್ರವನ್ನೊಮ್ಮೆ, ಅಗಸಿಯ ದಾರಿಯನ್ನೊಮ್ಮೆ ನೋಡಿದ. ಆಮೇಲೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಇಟ್ಟ. "ಹಂಗ ಹಾಕು. ಖರೇ ಆಗಿದ್ದು ಅದ."

"ಧೋತರ ಹಾಕು ಮತ್ತ" ಎಂದಳು ರುಕ್ಮವ್ವ. "ಎಂಟು ವಾರದ್ದು. ಮತ್ತ ಆ ದಾರದಾಕಿ ಅದಾಳಲ್ಲ, ಅಕಿನ್ನೂ ಹಾಕು. ಬಾಗಿಲಾಗ ಬ್ಯಾಡ, ಗಿಡದ ಬೊಡ್ಡಿಗೆ ನಿಲ್ಲಸು."

ಹುಚ್ಚವ್ವ ಕಾಡಿಗೆಯಲ್ಲಿ ಸೂಜಿಯ ಕಟ್ಟನ್ನು ಅದ್ದಿ ಎತ್ತಿದಳು. ನೆರೆದವರು ಬಸ್ ಸ್ಟ್ಯಾಂಡಿನ ದಾರಿ ಬಿಟ್ಟು ಸರಿದು ನಿಂತರು. ಆದರೆ ಮಡಿವಾಳಪ್ಪ ಕದಲಲಿಲ್ಲ. ಎರಡೂ ಕಣ್ಣು ಅಗಲವಾಗಿ ಬಿಟ್ಟುಕೊಂಡು, ಹುಲಿಯಂತೆ ಕೂತಿದ್ದ. ಅವನ ಧೈರ್ಯ ಕಂಡು ನಿಡಗುಂದಿಯೇ ತಲೆದೂಗಿತು. ಬಲಗೈಯನ್ನು ರುಕ್ಮವ್ವ ಗಟ್ಟಿಯಾಗಿ ಹಿಡಿದಿದ್ದಳು. ಬೆಲ್ಲದ ವಾಸನೆ ಬಿಡದ ಧೋತರದ ಚುಂಗನ್ನು ಹಿಂದಿನಿಂದ ಕೆಂಚ ಬಾಯಲ್ಲಿ ಹಿಡಿದು, ನಿಶ್ಚಿಂತೆಯಿಂದ ಮೆಲ್ಲುತ್ತಿತ್ತು.